ಮುಷ್ಟಿಯೊಳಗಿನ ಕಂಚು

ಸತ್ತಾಗ ಬರಿಗೈಯಲ್ಲೇ ಕಳಿಸುತ್ತೇನೆ ಎಂದು ಎಷ್ಟೋ ವರ್ಷಗಳ ಹಿಂದೆ ಗಂಡನಿಗೆ ಕೊಟ್ಟ ಮಾತಿಗಾಗಿ, ದೊನಾತಾ ಬೆಳಗಿನಿಂದ ಅವನ ಬಲಮುಷ್ಟಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಬೆರಳುಗಳು ಬಿಡಲೊಲ್ಲವು. ನಿನ್ನೆ ಸಂಜೆ ಕಾರ್ತೇಜಿನ ಟಂಕಸಾಲೆಯಲ್ಲಿ, ಆಗಷ್ಟೇ ಹೊಡೆದ ನಾಣ್ಯವನ್ನು ನೋಡಲೆಂದು ಎತ್ತಿಕೊಂಡ ನಂಫಾಮೊ ಅದನ್ನು ಹಿಡಿದಂತೆಯೇ ಕುಸಿದು ಸತ್ತಿದ್ದ.

"ಸಾಕು ಬಿಡೇ," ಎಂದಳು ಅವನ ಅಕ್ಕ ಸತುರಾ. "ಹೆಣದ ಬಾಯಿಗೆ ನಾಣ್ಯ ಹಾಕೋಕೆ ನೀನು ಬಿಡ್ಲಿಲ್ಲ. ಅವನೇ ಜಾಣ, ಸತ್ತವರ ಹೊಳೆ ದಾಟಿಸೋ ದೋಣಿ ಬಾಡಿಗೆ ಕೈಲಿ ಹಿಡ್ಕೊಂಡಿದಾನೆ."

"ಅವರಿಗೆ ಬೇಡವಾಗಿತ್ತು ಅಕ್ಕ."

"ಬರಿಗೈಯವನನ್ನ ದೋಣಿಯವನು ಹತ್ತಿಸಲ್ಲ. ದಡದಲ್ಲೇ ಉಳೀತಾನೆ ನನ್ನ ತಮ್ಮ."

"ದೋಣಿ ಗೀಣಿ ಏನೂ ಇಲ್ಲ ಅಂತಾರೆ ಪಾದ್ರಿಗಳು."

"ಪಾದ್ರಿಗಳು ಸತ್ತು ನೋಡಿದಾರಾ?"

ಬಾಗಿಲಲ್ಲಿ ಮುತ್ತುನ್ ನಿಂತಿದ್ದ. ನಂಫಾಮೊನ ಸುತ್ತಿಗೆಯ ಕೆಳಗೆ ಇಕ್ಕಳದಿಂದ ಬಿಲ್ಲೆ ಇಡುತ್ತಿದ್ದವನು. "ಅತ್ತಿಗೆ, ಬಿಸಿಲು ಏರ್ತಿದೆ. ಹೆಣದ ಮುಂದೆ ಹಾಡು ಮಾತ್ರ ಬೇಡ, ದೊರೆ ನಿಲ್ಲಿಸಿದಾನೆ. ಬೀದಿ ತುದೀಲಿ ದೊರೆಯ ಆಳು ನಿಂತಿದಾನೆ."

"ಜೀವಮಾನವೆಲ್ಲ ನಾಣ್ಯಕ್ಕೆ ಆ ದೊರೆಯ ಮುಖ ಹೊಡೆದವನಿಗೆ ಒಂದು ಹಾಡಿಗೂ ದಾರಿದ್ರ್ಯವಾ?" ಎಂದಳು ಸತುರಾ.

"ದೊರೆಯ ಪಂಥದ ಇಗರ್ಜಿಗೆ ಹೋಗಿದ್ರೆ ಹಾಡೋಕೆ ಬಿಡ್ತಿದ್ರು. ನಾವು ನಮ್ಮ ಇಗರ್ಜಿ ಬಿಡ್ಲಿಲ್ವಲ್ಲ," ಎಂದ ಮುತ್ತುನ್.

*

ಎಷ್ಟೋ ವರ್ಷಗಳ ಹಿಂದಿನ ಒಂದು ಸಂಜೆ ಬಾರ್ಲಿ ಗಂಜಿ ಉಣ್ಣುವಾಗ ನಂಫಾಮೊನ ಹಲ್ಲಿಗೆ ಕಟ್ ಎಂದು ಏನೋ ಸಿಕ್ಕಿತು. ಉಗಿದು ನೋಡಿದರೆ ಕಂಚಿನ ನಾಣ್ಯ, ಕಿರುಬೆರಳ ಉಗುರಿನಷ್ಟು. ಊರಲ್ಲಿ ನೆಲದ ಬಿರುಕು, ಸೆರಗಿನ ಮಡಿಕೆ, ಹಿಟ್ಟಿನ ಚೀಲ ಎಲ್ಲೆಲ್ಲೂ ಅವೇ.

"ಹಗಲೆಲ್ಲ ಇದನ್ನ ಹೊಡಿ, ಮನೆಗೆ ಬಂದು ಇದನ್ನೇ ಅಗಿ," ಎಂದ. "ನಾನು ಸತ್ರೆ ಬಾಯಿಗೂ ಇಡಬೇಡ, ಕೈಗೂ ಇಡಬೇಡ. ಅಲ್ಲಾದ್ರೂ ಕೈಗೆ ಬಿಡುವು ಸಿಗಲಿ."

"ಆಯ್ತು."

"ಏನಂದೆ?" ಸುತ್ತಿಗೆಯ ಸದ್ದಿಗೆ ಅವನ ಕಿವಿ ಎಂದೋ ಹೋಗಿತ್ತು.

"ಬರಿಗೈಯಲ್ಲೇ ಕಳಿಸ್ತೀನಿ ಅಂದೆ!"

ಇಡೀ ಓಣಿಗೆ ಕೇಳಿಸಿತು. "ಯಾವತ್ತು ಕಳಿಸ್ತೀಯೇ?" ಎಂದಳು ಗೋಡೆಯಾಚೆಯ ಹೆಂಗಸು. ಎಲ್ಲರೂ ನಕ್ಕರು. ಏನೆಂದು ಕೇಳಿಸದಿದ್ದರೂ ನಂಫಾಮೊನೂ ನಕ್ಕ.

*

ಕಿರುಬೆರಳು ಲಟಕ್ಕೆಂದು ಸಡಿಲವಾಯಿತು. ಆಮೇಲೆ ಉಳಿದವೂ ಬಿಟ್ಟವು. ನಾಣ್ಯ ನೆಲಕ್ಕೆ ಉರುಳಿತು. ಸತುರಾ ಚಕ್ಕನೆ ಹೆಕ್ಕಿಕೊಂಡು, ತಮ್ಮನ ದವಡೆಗೆ ಕಟ್ಟಿದ್ದ ಬಟ್ಟೆಯ ಗಂಟಿಗೆ ಕೈಹಾಕಿದಳು. ದೊನಾತಾ ಆ ಕೈ ಹಿಡಿದಳು. ಇಬ್ಬರೂ ಬಿಡಲಿಲ್ಲ. ಮುತ್ತುನ್ ಬಾಗಿಲ ಚೌಕಟ್ಟು ನೋಡುತ್ತ ನಿಂತ.

"ದಡದಲ್ಲಿ ಕೂತುಬಿಟ್ರೆ ಏನೇ ಮಾಡ್ತೀಯ?" ಎಂದಳು ಸತುರಾ.

"ಕೂತ್ಕೊಳ್ಳಲಿ ಅಕ್ಕ. ಇಲ್ಲಿ ಯಾವತ್ತು ಕೂತಿದ್ರು?"

ಸತುರಾ ಗಂಟಿನಿಂದ ಕೈ ತೆಗೆದಳು. ನಾಣ್ಯವನ್ನು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡು ಮೂಗು ಒರೆಸಿದಳು.

ದೊನಾತಾ ಗಂಡನ ಅಂಗೈ ಒರೆಸಲು ಹೋದಳು. ನಡುವೆ, ಕಾಯಿಗಟ್ಟಿದ ಚರ್ಮದಲ್ಲಿ, ದೊರೆಯ ಮುಖ ಒತ್ತಿ ಕೂತಿತ್ತು. ಮೂಗು, ಗಲ್ಲ, ತಲೆಯ ಪಟ್ಟಿಯ ಮಣಿಗಳು ಕೂಡ. ಅವಳು ಎಣ್ಣೆ ಹಾಕಿ ತಿಕ್ಕಿದಳು. ಇನ್ನಷ್ಟು ಹಾಕಿ ತಿಕ್ಕಿದಳು.

ಮುತ್ತುನ್ ಬಗ್ಗಿ ನೋಡಿದ. "ಅಚ್ಚು ಚೆನ್ನಾಗಿ ಬಿದ್ದಿದೆ," ಎಂದ, ಅಭ್ಯಾಸಬಲದಿಂದ. ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ.

ದೊನಾತಾ ಆ ಕೈಯನ್ನು ಎದೆಯ ಮೇಲೆ ಬೋರಲು ಮಲಗಿಸಿದಳು. ಗಂಡಸರು ಚಟ್ಟ ಎತ್ತಿದರು. ಬೀದಿಯುದ್ದಕ್ಕೂ ಯಾರೂ ಹಾಡಲಿಲ್ಲ. ಅವಳು ಗಂಡನನ್ನು ಬರಿಗೈಯಲ್ಲೇ ಕಳಿಸಿದಳು.