ಗುಡಿಸದೆ ಬಿಟ್ಟ ಅಂಗಳ

ಬೆಳಕು ಹರಿಯುವುದರೊಳಗೆ ಭದ್ರಮ್ಮ ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕಿ, ಎಂಟು ಕೊಡ ನೀರು ಹೊತ್ತು, ಒಲೆಯ ಬೂದಿಯನ್ನು ಜರಡಿ ಹಿಡಿದು ಮಡಕೆಗೆ ತುಂಬಿ, ಅದರಲ್ಲೇ ಹಿಂದಿನ ದಿನದ ಪಾತ್ರೆ ಉಜ್ಜಿ, ಅಂಗಳ ಗುಡಿಸಿ ಸಾರಿಸಿ, ರಂಗೋಲಿಯ ಕೊನೆಯ ಎಳೆ ಎಳೆಯುವಾಗ ಒಳಗಿನಿಂದ ಗಂಡ ಅಡವಿಯಪ್ಪ ಕಾಫಿಗಾಗಿ ಕೆಮ್ಮುತ್ತಿದ್ದರು. ಹುಲಿಯೂರುದುರ್ಗದಲ್ಲಿ ನನ್ನ ಚಿಕ್ಕಮ್ಮನ ಪಕ್ಕದ ಮನೆ ಅವರದು. ಗುಡಿಸಿ ಗುಡಿಸಿ ಬಲಕ್ಕೆ ವಾಲಿದ ನಡಿಗೆ. ಬಸ್ಸು ಹತ್ತುವಾಗಲೂ ಕೈಯಲ್ಲಿ ಪೊರಕೆ ಇದೆಯೇನೋ ಎನ್ನಿಸುತ್ತಿತ್ತು.

ಅಂಥವರು ೧೯೯೮ರ ಮಾರ್ಚಿನಲ್ಲಿ ಒಂಬತ್ತು ದಿನ ಅಂಗಳ ಗುಡಿಸಲಿಲ್ಲ.

ರಸ್ತೆ ಕಂಟ್ರಾಕ್ಟರನ ಆಳುಗಳು ಟಾರು ಕಾಯಿಸಲು ಹಾಕಿದ ಬೆಂಕಿ ಗುಡ್ಡದ ಒಣಹುಲ್ಲಿಗೆ ಹತ್ತಿ, ಗಾಳಿಯೊಂದಿಗೆ ಇಳಿದು, ಅವರ ಬಣವೆ, ಕೊಟ್ಟಿಗೆ, ಅರ್ಧ ಮನೆಯನ್ನು ನುಂಗಿತ್ತು. ಸುಟ್ಟ ನೆಲವನ್ನು ಹಾಗೇ ಬಿಟ್ಟರೆ ಮನೆಗೆ ಆಗಿಬರದು ಎಂದು ನೆರೆಯ ಹೆಂಗಸರು ಸಗಣಿನೀರು ಹಿಡಿದು ಬಂದರು.

“ಯಾರೂ ಮುಟ್ಬೇಡ್ರೇ. ಆಫೀಸರು ಬಂದು ಬರ್ಕೊಳ್ಳೋಗಂಟ ಒಂದ್ ಕಡ್ಡೀನೂ ಅಲ್ಲಾಡ್ಕೂಡ್ದು” ಎಂದು ಭದ್ರಮ್ಮ ಅಡ್ಡ ನಿಂತರು.

“ಭದ್ರಮ್ಮಂಗೂ ಸೋಮಾರಿತನ ಬಂತಲ್ಲ ಕಣೇ!” ಎಂದು ಅವರಲ್ಲೊಬ್ಬರಾದ ಓಬಳಮ್ಮ ನಕ್ಕರು.

ಹತ್ತನೆಯ ದಿನ ಮಹಜರಿಗೆ ಬಂದ ರೆವಿನ್ಯೂ ಇನ್ಸ್‌ಪೆಕ್ಟರು ಗುಡ್ಡದಿಂದ ಕೊಟ್ಟಿಗೆಯವರೆಗೆ ಇಳಿದ ಕರಿ ಜಾಡನ್ನೂ, ಸುಡದೆ ಉಳಿದ ತಿಪ್ಪೆಯನ್ನೂ ಕಂಡದ್ದು ಕಂಡಂತೆ ಬರೆದುಕೊಂಡರು.

ಸರ್ಕಾರದ ಪರಿಹಾರ ಹೆಂಚಿಗೂ ಸಾಲದು, ಪೂರ್ತಿ ನಷ್ಟ ಬೇಕಾದರೆ ಕಂಟ್ರಾಕ್ಟರನ ಮೇಲೇ ಸಿವಿಲ್ ದಾವೆ ಹೂಡಬೇಕು ಎಂದರು ಕುಣಿಗಲಿನ ವಕೀಲ ಪ್ರಭುದೇವ. ಮನೆ ಭದ್ರಮ್ಮನಿಗೆ ತಾಯಿಯಿಂದ ಬಂದದ್ದಾದ್ದರಿಂದ ದಾವೆ ಅವರ ಹೆಸರಿನಲ್ಲೇ ನಡೆಯಿತು. ಈ ಹೆಂಗಸು ತಿಪ್ಪೆಗೆ ಎಸೆದ ಬಿಸಿ ಬೂದಿಯಿಂದಲೇ ಬೆಂಕಿ ಹತ್ತಿತು ಎಂದು ಕಂಟ್ರಾಕ್ಟರನ ವಕೀಲರು ಪಾಟೀಸವಾಲಿಗೆ ಇಳಿದರು.

“ಬೂದಿ ಎಸುದ್ರೆ ಪಾತ್ರೆ ಯಾತ್ರಲ್ಲಿ ಉಜ್ಲಿ ಸ್ವಾಮಿ? ನಿಮ್ಮನೇಲಿ ಪಾತ್ರೆ ಉಜ್ಜೋರ್ನ ಒಸಿ ಕೇಳ್ಕೊಂಡು ಬನ್ನಿ.”

ಕೋರ್ಟು ನಕ್ಕಿತು. ನ್ಯಾಯಾಧೀಶರು ಮಾತ್ರ ಮಹಜರು ತಿರುವಿ, ತಿಪ್ಪೆ ಸುಟ್ಟಿಲ್ಲವೆಂಬ ಸಾಲಿನ ಕೆಳಗೆ ಗೆರೆ ಎಳೆದರು. ೨೦೦೧ರಲ್ಲಿ ಪೂರ್ತಿ ಪರಿಹಾರದ ತೀರ್ಪು ಬಂದಾಗ ಓಬಳಮ್ಮನೇ ಬೀದಿಗೆಲ್ಲ ಸಕ್ಕರೆ ಹಂಚಿದರು.

ಆ ಗೆಲುವನ್ನು ಊರು ಇಂದಿಗೂ ಹೇಳುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಅದರ ಹಿಂದಿನ ವಾರ. ಕಂಟ್ರಾಕ್ಟರ್ ರಾಜಿಪತ್ರ ಕಳಿಸಿದ್ದ: ಹಣ ಕೂಡಲೇ ಕೊಡುತ್ತಾನೆ, ಆದರೆ ತಪ್ಪು ತನ್ನ ಮೇಲೆ ಉಳಿಯದಂತೆ, ಬೆಂಕಿ ಭದ್ರಮ್ಮನ ಒಲೆಯದೇ ಎಂಬ ಒಂದು ಸಾಲಿಗೆ ಸಹಿ ಬೇಕು.

“ಒಂದ್ ಸೈನ್ ಹಾಕ್ಬುಡು ಕಣೇ. ಬೂದಿ ಮಾತಿಗೆ ಇಷ್ಟೊಂದಾ?” ಎಂದರು ಅಡವಿಯಪ್ಪ.

ದುಡಿಮೆಗೆ ಎಂದೂ ಕೂಲಿ ಕೇಳದ ಹೆಂಗಸರು ಆ ದುಡಿಮೆಗೆ ಯಾರಾದರೂ ಮಸಿ ಬಳಿದರೆ ಸಹಿಸುವುದಿಲ್ಲ. ಅವರ ಆಸ್ತಿಪತ್ರ ಅದೇ. ಭದ್ರಮ್ಮ ಕಾಗದ ಹಿಡಿದು ಒಳಗೆ ಹೋಗಿ, ಹಾಲು ಕಾಯುವಷ್ಟು ಹೊತ್ತು ಒಲೆಯ ಮುಂದೆ ಒಬ್ಬರೇ ಕುಳಿತರು. ಹೊರಬಂದು, ಸಹಿಯಿಲ್ಲದ ಆ ಕಾಗದವನ್ನು, ಅದನ್ನು ತಂದು ಕಾಯುತ್ತಿದ್ದ ಪ್ರಭುದೇವರ ಕೈಗಿಟ್ಟರು.

“ತೀರ್ಪೇ ಬರ್ಲಿ” ಎಂದು ಪೊರಕೆ ಎತ್ತಿಕೊಂಡರು.