ಯಂತ್ರದೊಳಗಿನ ಕುರ್ಚಿ

“ಇದ ನೋಡು ಸುಧಾ, ಇದ! ಈಗ ಕೈಯಾಗಿಂದ ಬೆಂಕಿ ಬಿಡ್ತೈತಿ ನೋಡ!” ಮಾಲತೇಶ ಎಲೆ-ಅಡಿಕೆ ಅಗಿಯುವುದನ್ನೇ ನಿಲ್ಲಿಸಿದ.

ಟಿವಿಯಲ್ಲಿ ಹುಡುಗನೊಬ್ಬ ಕಬ್ಬಿಣದ ದೈತ್ಯನ ಎದೆಯ ಬಾಗಿಲು ತೆರೆದು ಒಳಗೆ ಹತ್ತಿದ. ದೈತ್ಯ ಎದ್ದು ನಿಂತಿತು. ಸುಧಾರಾಣಿ ಅದನ್ನು ನೋಡಲಿಲ್ಲ, ಅಣ್ಣನ ಮುಖವನ್ನೇ ನೋಡುತ್ತಿದ್ದಳು.

“ಈ ಹುಡುಗೂರ ಆಟ ತೋರಸಾಕ ಹಾವೇರಿಯಿಂದ ಬಂದೀರೇನ್ರಿ?” ಅತ್ತಿಗೆ ದುರ್ಗಾ ಒಳಗಿನಿಂದ ರೊಟ್ಟಿ ಬಡಿಯುತ್ತಲೇ ನಕ್ಕಳು. “ನಿಮ್ಮಣ್ಣ ಇವತ್ತ ಹೊಲಾನೂ ಮರೀತಾರ.”

“ಮರೀಲಿ ಬಿಡ್ರಿ ವೈನಿ,” ಎಂದಳು ಸುಧಾರಾಣಿ. ಅವಳಿಗೆ ನಗು ಬರಲಿಲ್ಲ.

ಚಿಕ್ಕವರಿದ್ದಾಗ ಭಾನುವಾರ ಮುಂಜಾನೆ ಪಕ್ಕದ ಮುಮ್ತಾಜಬಿಯ ಮನೆಯ ಹೊಸ್ತಿಲಲ್ಲಿ ಕೂತು ಇಬ್ಬರೂ ನೋಡುತ್ತಿದ್ದ ಜಪಾನಿನ ಕಾರ್ಟೂನು ಅದು. ಅದರ ಹಿಂದಿ ಆಗ ತಿಳಿಯುತ್ತಿರಲಿಲ್ಲ, ಹೊಡೆದಾಟ ಮಾತ್ರ ತಿಳಿಯುತ್ತಿತ್ತು. ಹೋದ ತಿಂಗಳು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದರ ಸಿಡಿಗಳು ಸಿಕ್ಕಾಗ ಸುಧಾರಾಣಿ ಹಾವೇರಿಯ ತನ್ನ ಮನೆಯಲ್ಲಿ ಕೂತು ಪೂರ್ತಿ ನೋಡಿದ್ದಳು. ಆ ಯಂತ್ರದೊಳಗಿನ ಕುರ್ಚಿ ಮಕ್ಕಳ ಅಳತೆಯದು. ದೊಡ್ಡವರು ಅದರಲ್ಲಿ ಹಿಡಿಸುವುದಿಲ್ಲ. ಹುಡುಗನ ಅಪ್ಪ ಅವನ ಜೊತೆ ಮಾತಾಡುವುದು ಅವನು ಗೆದ್ದು ಕೆಳಗಿಳಿದಾಗ ಮಾತ್ರ. ಎಲ್ಲಿ ಬೆಳೆದುಬಿಡುತ್ತೇನೋ ಎಂಬ ಅಂಜಿಕೆಯಿಂದ ಹುಡುಗ ಊಟ ಬಿಡುತ್ತಾನೆ. ಇದನ್ನು ತಾನು ನಗುತ್ತ ನೋಡಿದ್ದೆನಲ್ಲ ಎಂದು ಅವಳಿಗೆ ಅಂದು ನಿದ್ದೆ ಬಂದಿರಲಿಲ್ಲ.

ಅಣ್ಣ ಈಗ ತಮ್ಮೂರು ಐರಣಿಯಲ್ಲಿ ಹತ್ತಿಬೀಜದ ಪ್ಲಾಟು ಹಿಡಿದಿದ್ದ. ಹೈಬ್ರಿಡ್ ಬೀಜಕ್ಕಾಗಿ ಹೂ ಕೂಡಿಸುವ ಕ್ರಾಸಿಂಗ್ ಶುರುವಾದಾಗಿನಿಂದ ಅವನ ಮಗಳು ಸ್ನೇಹಾ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮಧ್ಯಾಹ್ನ ಟೆಂಪೋದಲ್ಲಿ ಹೋಗಿ ಮೊಗ್ಗಿನ ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತಿ, ಎಸಳನ್ನೂ ಕೇಸರವನ್ನೂ ಸುತ್ತಲೂ ಸೀಳಿ ತೆಗೆಯಬೇಕು. ಒಳಗಿನ ಎಳೆ ಕಾಯಿಗೆ ಪೆಟ್ಟಾಗಬಾರದು. ಮರುದಿನ ಮುಂಜಾನೆ ಅದಕ್ಕೆ ಬೇರೆ ಗಿಡದ ಹೂವಿನ ಪರಾಗ ಸವರಬೇಕು. ಅದಕ್ಕೆ ಸಣ್ಣ ಬೆರಳೇ ಬೇಕು ಎನ್ನುತ್ತಿದ್ದರು ಎಲ್ಲರೂ. ಸ್ನೇಹಾಳನ್ನು ಹಾವೇರಿಗೆ ಕಳಿಸು, ನಾನು ಓದಿಸುತ್ತೇನೆ ಎಂದು ಫೋನಿನಲ್ಲಿ ಕೇಳಿದಾಗ ಮಾಲತೇಶ ಸಿಡಿದಿದ್ದ: “ನಾ ಹೊಲದಾಗ ಇದ್ದದ್ದಕ್ಕ ನೀ ಕಾಲೇಜು ಕಂಡಿ, ನೆನಪೈತಿಲ್ಲ?” ನೆನಪಿತ್ತು. ಅದಕ್ಕೇ ಇವತ್ತು ಬಾಯಿ ತೆರೆಯದೆ, ಅವನೇ ನೋಡಿ ತಿಳಿಯಲೆಂದು ಸಿಡಿ ತಂದಿದ್ದಳು.

ಟಿವಿಯಲ್ಲಿ ಅಪ್ಪ ಮಗನ ಭುಜದಳತೆ ನೋಡಿದ. ನೀನು ಬೆಳೆದೆ, ನಾಳೆಯಿಂದ ಬೇಡ ಎಂದ. ಹುಡುಗ ಮುಚ್ಚಿದ ಬಾಗಿಲನ್ನು ಬಡಿಯುತ್ತಲೇ ಇದ್ದ. ಮಾಲತೇಶ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

“ಅಪ್ಪನೂ ಥೇಟ್ ಹಿಂಗ ಅಂದನಲ್ಲ ಸುಧಾ. ನಿನ್ನ ಬೆರಳು ದಪ್ಪ ಆದವು, ಮೊಗ್ಗು ಒಡೀತಾವ, ನಾಳಿಂದ ಕ್ರಾಸಿಂಗಿಗೆ ಬರಬ್ಯಾಡ ಅಂದ. ಅದಕ್ಕೂ ಮೊದಲ ಮಂದಿ ಮುಂದ ‘ನನ್ನ ಮಗನ ಕೈ ನೋಡ್ರಿ’ ಅಂತಿದ್ದ. ಆಮ್ಯಾಲ ಸಾಯೂತನಕ ಒಮ್ಮೆನೂ ಅನ್ನಲಿಲ್ಲ.”

ಸುಧಾರಾಣಿ ಅಣ್ಣನ ಹತ್ತಿರ ಸರಿದಳು. ಕೇಳಲು ಇದೇ ಹೊತ್ತು.

“ಅಣ್ಣಾ, ಹಂಗಾರ ಸ್ನೇಹಾನ್ನ ನನ್ನ ಜೋಡಿ ಕಳಸು. ನಾಳೆ ಸೋಮವಾರ. ನಾ ಕಲಸೂ ಶಾಲ್ಯಾಗ ಮಾತಾಡಿ ಬಂದೇನಿ.”

ಮಾಲತೇಶ ಅಚ್ಚರಿಯಿಂದ ತಿರುಗಿದ. ಕಣ್ಣುಗಳಿನ್ನೂ ಒದ್ದೆಯಾಗಿದ್ದವು.

“ಅಪ್ಪ ನನಗ ಮಾಡಿದ್ದ ನಾ ನನ್ನ ಮಗಳಿಗೆ ಮಾಡ್ತೇನೇನ? ನಿನ್ನಂಥಾ ಕೈ ಇಡೀ ಐರಣ್ಯಾಗ ಯಾರಿಗೂ ಇಲ್ಲವಾ ಅಂತ ದಿನಾ ಹೇಳ್ತೇನಿ. ಬೆರಳು ದಪ್ಪ ಆದ್ರೂ ಹೇಳ್ತೇನಿ. ಬೇಕಾರ ಅಕಿನ್ನ ಕೇಳು.”

ಅವನು ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದ. ಸುಧಾರಾಣಿ ಪರ್ಸಿನಿಂದ ಉಗುರು ಕತ್ತರಿಸುವ ಕಟರ್ ತೆಗೆದು ನೆಲಕ್ಕೆ ಹಳೆಯ ಪೇಪರು ಹಾಸಿದಳು.

“ಬಾರವಾ ಸ್ನೇಹಾ. ನಮ್ಮ ಶಾಲ್ಯಾಗ ಸೋಮವಾರ ಉಗುರು ನೋಡ್ತಾರ.”

ಸ್ನೇಹಾ ಓಡಿಬಂದು ಮಡಿಲಿಗೊರಗಿ ಕೂತಳು. ಬೆರಳುಗಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಹಸಿರು ಕರೆ. ಸುಧಾರಾಣಿ ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಕತ್ತರಿಸಿದಳು. ಹುಡುಗಿ ಕಚಗುಳಿಯಿಟ್ಟಂತೆ ನಗುತ್ತಿದ್ದಳು. ಹೆಬ್ಬೆರಳ ಸರದಿ ಬಂದಾಗ ಥಟ್ಟನೆ ಎರಡೂ ಕೈ ಹಿಂದಕ್ಕೆಳೆದು, ಹೆಬ್ಬೆರಳುಗಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು.

“ಇವು ಬ್ಯಾಡತ್ತಿ.”

“ಯಾಕವಾ? ಅಪ್ಪ ಬೈತಾನ?”

“ಇಲ್ಲ. ಅಪ್ಪ ನನಗ ಬೈಯಂಗೇ ಇಲ್ಲ.” ಸ್ನೇಹಾ ಟಿವಿಯ ಕಡೆ ನೋಡಿದಳು. ಹುಡುಗ ಇನ್ನೂ ಬಾಗಿಲು ಬಡಿಯುತ್ತಿದ್ದ. “ಅತ್ತಿ, ನಾನೂ ದೊಡ್ಡಾಕಿ ಆಗ್ತೇನೇನು?”

ಸುಧಾರಾಣಿ ಆ ಮುಷ್ಟಿಯನ್ನು ಮೆಲ್ಲಗೆ ಹಿಡಿದು ಬಿಡಿಸಲು ನೋಡಿದಳು. ಅಷ್ಟು ಸಣ್ಣ ಕೈಯಲ್ಲಿ ಅಷ್ಟೊಂದು ಬಿಗಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಹೊರಗೆ ಹೊಲಕ್ಕೆ ಹೋಗುವ ಟೆಂಪೋ ಹಾರ್ನ್ ಹೊಡೆಯಿತು. ಮುಷ್ಟಿ ತಾನಾಗಿಯೇ ಬಿಚ್ಚಿತು.