ಶ್ವೇತ ಎಂಬುವಳು

ಬಾಗಿಲಿಗೆ ಕೈ ಅಡ್ಡ ಹಿಡಿದು ಸರ್ವಮಂಗಳಾ ಕೇಳಿದಳು, "ಯಾವ ಶ್ವೇತ?"

"ನಂಜನಗೂಡಿಂದ ಬಂದಿವ್ನಿ. ರುದ್ರಾಣಿ ಅಕ್ಕನ ಫ್ರೆಂಡು."

ಸರ್ವಮಂಗಳಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂವತ್ತು ದಾಟಿದವಳು, ಕೈಯಲ್ಲೊಂದು ಹಾರ. ಹೆಂಗಸೇನೋ ನಿಜ. ಆದರೂ ನಂಬಿಕೆ ಬರಲಿಲ್ಲ. ತಿ. ನರಸೀಪುರದ ಈ ಬೀದಿಯಲ್ಲಿ ಇಪ್ಪತ್ತಾರು ವರ್ಷದಿಂದ ರುದ್ರಾಣಿಗೆ ಗೆಳತಿ ಅಂತ ಇದ್ದವಳು ತಾನೊಬ್ಬಳೇ. ತನಗೆ ಗೊತ್ತಿಲ್ಲದ ಸ್ನೇಹಿತೆ ಎಲ್ಲಿಂದ ಉದುರಿದಳು?

ರುದ್ರಾಣಿಯ ಹೆಣಕ್ಕೆ ವಿಭೂತಿ ಹಚ್ಚಿ ಕೂರಿಸುವ ಮೊದಲು ಸ್ನಾನ ಮಾಡಿಸಬೇಕಿತ್ತು. ಹೆಂಗಸು ತೀರಿಕೊಂಡರೆ ಮೊದಲ ನೀರು ಹತ್ತಿರದ ಗೆಳತಿಯದು ಎಂಬುದು ಆ ಬೀದಿಯ ರೂಢಿ. ಸರ್ವಮಂಗಳಾ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದಳು. ಬರುವುದಾದರೆ ಬಾ ಎಂಬಂತೆ ಮುಖ ತಿರುಗಿಸಿ ಒಳಗೆ ನಡೆದಳು.

*

ರುದ್ರಾಣಿ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟು. ಕೆಲಸ ಮುಗಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತ ಬೀದಿಯವರನ್ನೆಲ್ಲ ಬಿಡಿಸಿಡುತ್ತಿದ್ದರು. ಎರಡು ಸಾವಿರದ ಏಳರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಸೈಬರ್ ಸೆಂಟರ್ ಬಂತು, ಜಗಲಿ ಬಣಗುಟ್ಟಿತು. ರುದ್ರಾಣಿ ಅಲ್ಲಿ ಆರ್ಕುಟ್ ತೆರೆದು ಕೂರುತ್ತಿದ್ದಳು. ಒಮ್ಮೆ ಸರ್ವಮಂಗಳಾ ಹಿಂದಿನಿಂದ ಇಣುಕಿದಾಗ ಕಂಡದ್ದು ಶ್ವೇತ ಎಂಬ ಹೆಸರು, ಮುಖದ ಜಾಗದಲ್ಲಿ ಗುಲಾಬಿ ಹೂವು. ರುದ್ರಾಣಿ ಗಾಬರಿಯಿಂದ ಅದನ್ನು ಮುಚ್ಚಿದಳು.

ಮುಚ್ಚುವಂಥದ್ದೇನಿತ್ತು? ಮೀಸೆ ಹೊತ್ತವನೂ ಶ್ವೇತ ಅಂತ ಬರೆದುಕೊಳ್ಳಬಹುದು. ಗೆಳತಿಯ ಸಂಸಾರ ಉಳಿಸಬೇಕು ಅಂದುಕೊಂಡಳು ಸರ್ವಮಂಗಳಾ. ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ. ಮುಂದಿನ ಯುಗಾದಿಗೆ ಎರಡು ದಿನ ಇರುವಾಗ ರುದ್ರಾಣಿಯ ಗಂಡ ಬೆಟ್ಟಸ್ವಾಮಿಯ ಕಿವಿಗೆ ಹಾಕಿದಳು. ಅಂದಿಗೆ ಅವಳ ಸೈಬರ್ ಬಂದ್. ರುದ್ರಾಣಿ ಜಗಳವಾಡಲಿಲ್ಲ. ಮತ್ತೆ ಜಗಲಿಗೆ ಬಂದಳು, ಸೊಪ್ಪು ಬಿಡಿಸಿದಳು. ಮಾತು ಮಾತ್ರ ಕಡಿಮೆಯಾಯಿತು.

*

ಸರ್ವಮಂಗಳಾ ರುದ್ರಾಣಿಯ ರವಿಕೆಯ ಹುಕ್ಕು ಬಿಚ್ಚತೊಡಗಿದಳು.

"ಎಡಗಡೆ ಮೆತ್ತಗೆ," ಎಂದಳು ಶ್ವೇತ. "ಅಲ್ಲಿ ಗಂಟೈತೆ."

ಸತ್ತದ್ದು ಕಾಮಾಲೆಯಿಂದ ಎಂದು ಗದರಲು ಹೋದವಳು ರವಿಕೆ ಸರಿಸಿ ಕಣ್ಣಾರೆ ಕಂಡಳು. ಎಡ ಮೊಲೆ ಕಲ್ಲಾಗಿ ಚರ್ಮ ಒಡೆದಿತ್ತು. ನಿಮಗೆ ಹೇಗೆ ಗೊತ್ತು ಎಂದು ಕಷ್ಟಪಟ್ಟು ಕೇಳಿದಳು.

ನನ್ನ ತಾಯಿಗೂ ಇದೇ ಆಗಿತ್ತು, ಆಪರೇಷನ್ನಿಂದ ಉಳಿದರು, ಅದನ್ನು ಆರ್ಕುಟ್‌ನಲ್ಲಿ ಬರೆದಿದ್ದೆ, ಅಕ್ಕ ಓದಿ ವಿಚಾರಿಸಿದರು ಎಂದಳು ಶ್ವೇತ. "ಯುಗಾದಿ ಆದ್ಮೇಲೆ ಇಬ್ರೂ ಮೈಸೂರಿಗೆ ಓಗಿ ತೋರ್ಸವ ಅಂತ ಮಾತಾಗಿತ್ತು. ಆಮೇಲೆ ಒಂದಕ್ಷರಾನೂ ಬರ್ನಿಲ್ಲ. ಕಚೇರಿಗೆ ಫೋನ್ ಮಾಡುದ್ರೆ ಅಕ್ಕನೇ ರಾಂಗ್ ನಂಬರ್ ಅಂತ ಇಟ್ಬುಡೋರು. ಇವತ್ತು ಬೇರೆ ಯಾರೋ ಎತ್ತಿ ಸುದ್ದಿ ಯೋಳುದ್ರು."

"ಇಲ್ಲಿ ಯಾರಿಗೂ ಹೇಳಿರಲಿಲ್ವಲ್ಲ."

"ಗಂಡನಿಗೆ ತಿಳುದ್ರೆ ನಾಟಿ ಔಸ್ದಿ ಅಂತಾರೆ, ಆಸ್ಪತ್ರೆಗೆ ಬುಡಕಿಲ್ಲ ಅಂತ ಭಯ. ಮಂಗಳಾ ಅಂತ ಒಬ್ರವ್ರಂತೆ, ಅವ್ರಿಗೆ ಯೋಳುದ್ರೆ ಸಂಜೆಗೆಲ್ಲ ಗಂಡನ ಕಿವೀಗೆ ಬೀಳ್ತದೆ ಅಂದಿದ್ರು. ನಿಮ್ಗೆ ಅವ್ರು ಗೊತ್ತಾ?"

ಸರ್ವಮಂಗಳಾ ಚೊಂಬನ್ನು ಶ್ವೇತಳ ಕೈಗಿಟ್ಟಳು. ಮರೆಗೆಂದು ಇಟ್ಟಿದ್ದ ಸೀರೆ ತೆಗೆದುಕೊಂಡು ಬಾಗಿಲಲ್ಲಿ ಅಡ್ಡ ಹಿಡಿದು ನಿಂತಳು. ಹಿಂದೆ ನೀರು ಸುರಿಯುವ ಸದ್ದು ಕೇಳಿತು.

ಅಂಗಳದಿಂದ ಬೆಟ್ಟಸ್ವಾಮಿ ಕರೆದ: "ಮಂಗಳಮ್ಮಾ, ಮೊದಲ್ನೀರು ಹಾಕಿದ್ರಾ?"

ನೀರಿನ ಸದ್ದು ನಿಂತಿತು. ಸರ್ವಮಂಗಳಾ ಹಿಂದಿರುಗಿ ನೋಡಲಿಲ್ಲ. ಸೀರೆಯನ್ನು ತನ್ನ ಮುಖವೂ ಮುಚ್ಚುವಷ್ಟು ಮೇಲೆತ್ತಿ ಹಿಡಿದಳು.